ಕತ್ತಲ ದಾರಿಗೆ ಹಣೆಯ ದೀಪ

ಉಮ್ರಾ ಮುಗಿಸಿ ಬಂದ ನನ್ನ ತಂಗಿ ಝಮ್‌ಝಮ್ ನೀರು, ಖರ್ಜೂರದ ಜೊತೆಗೆ ಊದಿಕೊಂಡ ಮೊಣಕೈಯನ್ನೂ ತಂದಿದ್ದಳು. ಮಕ್ಕಾದ ಜಬಲುನ್ನೂರ್ ಬೆಟ್ಟ ಹತ್ತುವಾಗ ಬಿದ್ದದ್ದಂತೆ. ಬಿಸಿಲೇರುವ ಮೊದಲೇ ಮೇಲೆ ತಲುಪಬೇಕೆಂದು ತಹಜ್ಜುದ್‌ನ ಹೊತ್ತಿಗೇ ಹೊರಟಿದ್ದರು. ಒಂದು ಕೈಯಲ್ಲಿ ಅತ್ತೆಯ ಕೈ, ಇನ್ನೊಂದರಲ್ಲಿ ಮೊಬೈಲಿನ ಟಾರ್ಚು. ಕಾಲು ಜಾರಿದಾಗ ಊರಲು ಕೈಯೇ ಉಳಿದಿರಲಿಲ್ಲ. ಅತ್ತೆಯ ಕೈ ಬಿಡಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಮೊಬೈಲು ಮಾತ್ರ ಬಂಡೆಗಳ ಸಂದಿಗೆ ಹೋಯಿತು.

ಈ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. ಪ್ರವಾದಿ ಮುಹಮ್ಮದ್(ಸ)ರಿಗೆ ಪ್ರಥಮ ದಿವ್ಯವಾಣಿ ಅವತೀರ್ಣವಾದ ಹಿರಾ ಗುಹೆ ಇರುವುದು ಇಲ್ಲೇ. ನೋಡುವ ಆಸೆ ಸಹಜ. ಆದರೆ ಅದನ್ನು ಹತ್ತುವುದು ಹಜ್ಜ್ ಅಥವಾ ಉಮ್ರಾದ ಕರ್ಮಗಳಲ್ಲಿ ಸೇರಿಲ್ಲ. ಮಂಡಿನೋವಿನ ತಾಯಂದಿರು ಕೆಳಗೇ ನಿಂತರೆ ಅವರ ಉಮ್ರಾಕ್ಕೆ ಯಾವ ಕೊರತೆಯೂ ಇಲ್ಲ. ಇದನ್ನು ಗಂಡುಮಕ್ಕಳು ಅವರಿಗೆ ಮೊದಲೇ ಹೇಳಬೇಕು.

ಹತ್ತುವವರು ಎರಡೂ ಕೈ ಖಾಲಿ ಇಟ್ಟುಕೊಂಡು ಹತ್ತಲಿ. ಅದಕ್ಕಾಗಿಯೇ ಇರುವುದು ಹೆಡ್‌ಲ್ಯಾಂಪ್, ಅಂದರೆ ಪಟ್ಟಿಯಿಂದ ಹಣೆಗೆ ಕಟ್ಟಿಕೊಳ್ಳುವ ದೀಪ. ಹಿಂದೆ ಗಣಿ ಕಾರ್ಮಿಕರ ಟೋಪಿಯ ಮೇಲಿತ್ತು. ಎಲ್‌ಇಡಿ ಮತ್ತು ಲಿಥಿಯಂ ಬ್ಯಾಟರಿ ಬಂದ ಮೇಲೆ ನೂರು ಗ್ರಾಮಿಗಿಂತ ಕಡಿಮೆ ತೂಕದವೂ ಸಿಗುತ್ತವೆ. ಮೊಬೈಲಿನ ಚಾರ್ಜರಿನಿಂದಲೇ ಚಾರ್ಜ್ ಆಗುವಂಥವೂ ಇವೆ.

ಕೊಳ್ಳುವಾಗ ಅಂಗಡಿಯವರು ಸಾವಿರ ಲ್ಯೂಮೆನ್ ಎಂದು ಹೊಗಳಿದರೆ ಮರುಳಾಗಬೇಡಿ. ನಡೆಯುವ ದಾರಿಗೆ ನೂರಿನ್ನೂರು ಲ್ಯೂಮೆನ್ ಬೆಳಕು ಧಾರಾಳ ಸಾಕು. ಬೆಳಕು ಹೆಚ್ಚಿದಷ್ಟೂ ಬ್ಯಾಟರಿ ಬೇಗ ಮುಗಿಯುತ್ತದೆ. ದೀಪವನ್ನು ಕೆಳಕ್ಕೆ ಬಾಗಿಸುವಂತಿರಬೇಕು. ಎರಡು ಮೂರು ಹೆಜ್ಜೆ ಮುಂದೆ ಬೆಳಕು ಬೀಳುವಂತಿಟ್ಟರೆ ಮೆಟ್ಟಿಲು ಚೆನ್ನಾಗಿ ಕಾಣುತ್ತದೆ. ಕೆಂಪು ಬೆಳಕಿನ ಗುಂಡಿಯಿದ್ದರೆ ಒಳ್ಳೆಯದು. ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಮಂದವಾದ ಕೆಂಪು ಬೆಳಕು ಅದನ್ನು ಅಷ್ಟಾಗಿ ಕೆಡಿಸದು. ಮಳೆಹನಿಗೆ ಐಪಿಎಕ್ಸ್4 ಗುರುತು ಇದ್ದರಾಯಿತು, ಅದು ನೀರಿನಲ್ಲಿ ಮುಳುಗಿಸಲು ಅಲ್ಲ.

ನಮ್ಮ ಹೆಣ್ಮಕ್ಕಳಿಗೊಂದು ಸಣ್ಣ ತೊಡಕಿದೆ. ನುಣುಪಾದ ಶಿರವಸ್ತ್ರದ ಮೇಲೆ ಪಟ್ಟಿ ಜಾರುತ್ತದೆ. ಹತ್ತಿಯ ವಸ್ತ್ರ ಉಟ್ಟು, ಪಟ್ಟಿಯ ಹಿಂಭಾಗಕ್ಕೆ ಒಂದು ಪಿನ್ನು ಹಾಕಿದರೆ ನಿಲ್ಲುತ್ತದೆ. ಇನ್ನೊಂದು ಮಾತು, ಮಾತನಾಡಲು ಮುಖ ತಿರುಗಿಸಿದರೆ ಬೆಳಕು ನೇರ ಎದುರಿನವರ ಕಣ್ಣಿಗೇ ಹೊಡೆಯುತ್ತದೆ. ಕೆಳಗಿಳಿಯುತ್ತಿರುವ ವೃದ್ಧರಿಗೆ ಆ ಒಂದು ಕ್ಷಣದ ಕುರುಡೇ ಅಪಾಯ. ಮಾತಿಗೆ ಮೊದಲು ದೀಪ ಬಾಗಿಸಿ.

ವಿಮಾನದಲ್ಲಿ ಒಯ್ಯುವಾಗ ಕೈಚೀಲದಲ್ಲಿಡಿ. ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕುಗಳನ್ನು ಲಗೇಜಿಗೆ ಹಾಕಲು ಬಿಡುವುದಿಲ್ಲ. ಚೀಲದೊಳಗೆ ತಾನಾಗಿ ಉರಿಯದಂತೆ ಗುಂಡಿಗೆ ಲಾಕ್ ಇದೆಯೇ ನೋಡಿಕೊಳ್ಳಿ.

ತಂಗಿ ಈಗ ಒಂದನ್ನು ಕೊಂಡಿದ್ದಾಳೆ. ಮಳೆಗಾಲದಲ್ಲಿ ಕರೆಂಟು ಹೋದ ರಾತ್ರಿ ಅದನ್ನು ಕಟ್ಟಿಕೊಂಡೇ ಕೋಳಿಗೂಡು ಮುಚ್ಚಲು ಅಂಗಳಕ್ಕಿಳಿಯುತ್ತಾಳೆ. ಮೊನ್ನೆ ಗೂಡಿನ ಬಾಗಿಲಲ್ಲೇ ಕಟ್ಟುಹಾವು ಕಂಡು ಹಿಂದೆ ಸರಿದಳಂತೆ.