ಮನೆ ಕೊಳ್ಳುವ ಮುನ್ನ ಮೆಟ್ಟಿಲು ಅಳೆಯಿರಿ

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬ್ಯಾಂಕ್ ಉದ್ಯೋಗಿ. ಬಾಲ್ಯದಲ್ಲಿ ಬಂದ ಪೋಲಿಯೊದಿಂದಾಗಿ ಆಕೆ ಗಾಲಿಕುರ್ಚಿ ಬಳಸುತ್ತಾಳೆ. ಕೆಲ ವರ್ಷಗಳ ಹಿಂದೆ ಜಯನಗರದಲ್ಲಿ ಫ್ಲ್ಯಾಟ್ ನೋಡಲು ಹೊರಟಾಗ ನನ್ನನ್ನೂ ಕರೆದಳು. ಸಾಲ ಮಂಜೂರಾಗಿತ್ತು, ಕಟ್ಟಡಕ್ಕೆ ಲಿಫ್ಟೂ ಇತ್ತು. ಆದರೆ ಕಾರು ನಿಲ್ಲಿಸುವ ನೆಲದಿಂದ ಲಿಫ್ಟಿನ ಬಾಗಿಲಿಗೆ ಮೂರು ಮೆಟ್ಟಿಲು! "ಅದಕ್ಕೇನು ಮೇಡಂ, ಆರಡಿಯ ಒಂದು ಕಬ್ಬಿಣದ ಹಲಗೆ ಹಾಕಿಸಿಕೊಡ್ತೀವಿ" ಎಂದರು ಮಾರಾಟಕ್ಕೆ ನಿಂತವರು. ಆಕೆ ನನ್ನ ಮುಖ ನೋಡಿದಳು. "ಸರ್, ಲೆಕ್ಕ ಮಾಡಿ ಹೇಳಿ" ಎಂದಳು.

ಲೆಕ್ಕವನ್ನು ನೀವೂ ಮಾಡಿ ನೋಡಬಹುದು. ಮೆಟ್ಟಿಲೊಂದರ ಎತ್ತರ 15 ಸೆಂಮೀ ಎಂದರೆ ಮೂರಕ್ಕೆ 45 ಸೆಂಮೀ. ಹಲಗೆಯ ಉದ್ದ 180 ಸೆಂಮೀ. ಅಂದರೆ ನಾಲ್ಕು ಮೀಟರ್ ಸಾಗಿದರೆ ಒಂದು ಮೀಟರ್ ಏರುವ ಇಳಿಜಾರು. ವ್ಯಕ್ತಿ ಮತ್ತು ಕುರ್ಚಿ ಸೇರಿ ದ್ರವ್ಯರಾಶಿ 80 ಕಿಗ್ರಾಂ ಎಂದಿಟ್ಟುಕೊಳ್ಳಿ. ತೂಕ 784 ನ್ಯೂಟನ್. ಇಳಿಜಾರಿನುದ್ದಕ್ಕೂ ಅದನ್ನು ಕೆಳಗೆಳೆಯುವ ಬಲ ಇದರ ನಾಲ್ಕನೆಯ ಒಂದು ಭಾಗ, ಅಂದರೆ 196 ನ್ಯೂಟನ್. 20 ಕಿಲೋ ಅಕ್ಕಿ ಮೂಟೆಯನ್ನು ನೇರ ಎತ್ತಿ ಹಿಡಿಯಲು ಬೇಕಾದಷ್ಟು ಬಲ ಇದು. ಘರ್ಷಣೆಯನ್ನು ಇನ್ನೂ ಸೇರಿಸಿಲ್ಲ.

ಇಳಿಜಾರನ್ನು 1:12ಕ್ಕೆ ತಗ್ಗಿಸಿದರೆ ಈ ಬಲ ಸುಮಾರು 65 ನ್ಯೂಟನ್ನಿಗೆ ಇಳಿಯುತ್ತದೆ. ಮೇಲಕ್ಕೇರಲು ಮಾಡಬೇಕಾದ ಕೆಲಸ ಎರಡರಲ್ಲೂ ಒಂದೇ, ಸುಮಾರು 353 ಜೌಲ್. ಆದರೆ ಕೈಗೆ ದಣಿವು ತರುವುದು ಒಟ್ಟು ಕೆಲಸಕ್ಕಿಂತ ಹೆಚ್ಚಾಗಿ ಪ್ರತಿ ತಳ್ಳಿಗೂ ಬೇಕಾದ ಬಲ. ಭಾರತದ ಪ್ರವೇಶಸೌಲಭ್ಯ ಮಾರ್ಗಸೂಚಿಗಳು 1:12ರ ಇಳಿಜಾರನ್ನು ಹೇಳುವುದರ ಹಿಂದೆ ಈ ತತ್ತ್ವವಿದೆ.

ಹಲಗೆಯಲ್ಲಿ ಇನ್ನೊಂದು ಅಪಾಯವೂ ಅಡಗಿದೆ. ಕುಳಿತ ವ್ಯಕ್ತಿಯ ಗುರುತ್ವ ಕೇಂದ್ರ ನೆಲದಿಂದ 60 ಸೆಂಮೀ ಎತ್ತರದಲ್ಲೂ, ಹಿಂಗಾಲಿ ನೆಲ ಮುಟ್ಟುವ ಬಿಂದುವಿಗಿಂತ 12 ಸೆಂಮೀ ಮುಂದೆಯೂ ಇದೆ ಎನ್ನಿ. 1:4ರ ಹಲಗೆಯ ಮೇಲೆ ಗುರುತ್ವ ಕೇಂದ್ರದಿಂದ ಇಳಿಬಿಟ್ಟ ತೂಗುಗೆರೆ ಸುಮಾರು 15 ಸೆಂಮೀ ಹಿಂದಕ್ಕೆ ಸರಿಯುತ್ತದೆ. ಅಂದರೆ ಅದು ಗಾಲಿಯನ್ನು ದಾಟಿ ಆಚೆ ಬೀಳುತ್ತದೆ, ಕುರ್ಚಿ ಹಿಮ್ಮುಖವಾಗಿ ಮಗುಚುತ್ತದೆ. 1:12ರಲ್ಲಿ ಸರಿಯುವುದು ಕೇವಲ 5 ಸೆಂಮೀ. ಹಲಗೆ ಹಾಕಿಸುತ್ತೇವೆಂದವರಿಗೆ ಕೆಟ್ಟ ಉದ್ದೇಶವಿರಲಿಲ್ಲ. ಅವರು ಅಳೆದಿರಲಿಲ್ಲ, ಅಷ್ಟೆ.

ಹಾಗಾದರೆ ಆ ಕಟ್ಟಡಕ್ಕೆ ಬೇಕಿದ್ದುದೇನು? 5.4 ಮೀಟರ್ ಉದ್ದದ ಇಳಿಜಾರು, ಕೈಹಿಡಿ, ಮೇಲೂ ಕೆಳಗೂ ಕುರ್ಚಿ ನಿಲ್ಲಲು ಸಮತಟ್ಟಾದ ಜಾಗ. ನಡುವೆ ಮಡಿಸಿ ಕಟ್ಟಿದರೆ ಇದರ ವಿಸ್ತೀರ್ಣ ಎರಡು ಕಾರು ನಿಲ್ಲುವ ಜಾಗಕ್ಕಿಂತ ಕಡಿಮೆ. ನಕ್ಷೆ ಬರೆಯುವಾಗಲೇ ಲಿಫ್ಟಿನ ಮೊದಲ ನಿಲುಗಡೆಯನ್ನು ಕಾರು ನಿಲ್ಲುವ ಮಟ್ಟಕ್ಕೇ ಇಳಿಸಿದ್ದರೆ ಒಳಗೆ ಇಳಿಜಾರೇ ಬೇಕಿರಲಿಲ್ಲ.

ಜಯನಗರ, ಜೆ.ಪಿ. ನಗರ, ಬನಶಂಕರಿಗಳ 30x40 ನಿವೇಶನಗಳಲ್ಲಿ ಸ್ವಂತ ಮನೆ ಕೊಳ್ಳುವವರೂ ಇದೇ ಲೆಕ್ಕ ಹಾಕಬೇಕು. ಎರಡಡಿ ಎತ್ತರದ ಅಡಿಪಾಯಕ್ಕೆ 24 ಅಡಿ ಇಳಿಜಾರು ಬೇಕು. ಅದನ್ನು ರಸ್ತೆಗೋ ಪಾದಚಾರಿ ಮಾರ್ಗಕ್ಕೋ ಚಾಚುವಂತಿಲ್ಲ, ಅಲ್ಲಿ ನಡೆಯುವವರಿಗೆ ಅದೇ ತೊಡಕಾಗುತ್ತದೆ.

ಮನೆಯೊಳಗೆ ಮೊದಲು ಅಳೆಯಬೇಕಾದದ್ದು ಬಚ್ಚಲಿನ ಬಾಗಿಲು. ಎರಡೂವರೆ ಅಡಿಯ ಬಾಗಿಲಿನಲ್ಲಿ ಚೌಕಟ್ಟು, ಕದಗಳ ದಪ್ಪ ಕಳೆದರೆ ಸುಮಾರು 65 ಸೆಂಮೀ ಉಳಿದೀತು. ಸಾಮಾನ್ಯ ಗಾಲಿಕುರ್ಚಿಯ ಅಗಲವೇ ಹೆಚ್ಚುಕಡಿಮೆ ಅಷ್ಟು. ಗಾಲಿ ತಳ್ಳುವ ಕೈ ಎಲ್ಲಿ ಹೋಗಬೇಕು? 90 ಸೆಂಮೀ ತೆರವು ಇರಬೇಕು. ಕುರ್ಚಿ ಪೂರ್ತಿ ತಿರುಗಲು 150 ಸೆಂಮೀ ವ್ಯಾಸದ ಖಾಲಿ ವೃತ್ತ ಬೇಕು. ದೃಷ್ಟಿ ಇಲ್ಲದವರು ಕೊಳ್ಳುವುದಾದರೆ ಲಿಫ್ಟಿನ ಗುಂಡಿಗಳಲ್ಲಿ ಬ್ರೈಲ್ ಇದೆಯೇ, ಮಹಡಿಯನ್ನು ಅದು ಉಚ್ಚರಿಸುತ್ತದೆಯೇ ಎಂದು ನೋಡಬೇಕು.

ಕಾನೂನಿನ ಬೆಂಬಲವೂ ನಿಮಗಿದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 13ನೇ ಕಲಂ ಆಸ್ತಿ ಹೊಂದುವ ಹಾಗೂ ಬ್ಯಾಂಕ್ ಸಾಲ ಪಡೆಯುವ ಸಮಾನ ಹಕ್ಕನ್ನು ಹೇಳುತ್ತದೆ. ಪ್ರವೇಶಸೌಲಭ್ಯದ ಮಾನದಂಡಗಳು ಬರಿಯ ಸಲಹೆಗಳಾಗಿರದೆ ಕಡ್ಡಾಯವಾಗಿರಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ತೀರ್ಪಿತ್ತಿತು. ರೇರಾ ಕಾಯಿದೆಯಂತೆ, ನೋಂದಾಯಿತ ಮಾರಾಟ ಕರಾರು ಆಗುವ ಮುನ್ನ ಬಿಲ್ಡರ್ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಆದ್ದರಿಂದ ಇಳಿಜಾರು, ಬಾಗಿಲುಗಳ ಅಳತೆಯನ್ನು ಸೆಂಟಿಮೀಟರುಗಳಲ್ಲಿ ಕರಾರಿನಲ್ಲೇ ಬರೆಸಿ. ಉಪನೋಂದಣಿ ಕಚೇರಿ ಮಹಡಿಯ ಮೇಲಿದ್ದು, ದೈಹಿಕ ಕಾರಣದಿಂದ ಅಲ್ಲಿಗೆ ಹೋಗುವುದು ಕಷ್ಟವಾದರೆ? 1908ರ ನೋಂದಣಿ ಕಾಯಿದೆಯ 38ನೇ ಕಲಮಿನಂತೆ ಅಧಿಕಾರಿಯೇ ಮನೆಗೆ ಬರಬೇಕು ಅಥವಾ ಕಮಿಷನ್ ಕಳಿಸಬೇಕು.

ನನ್ನ ವಿದ್ಯಾರ್ಥಿನಿ ಆ ಫ್ಲ್ಯಾಟನ್ನು ಕೈಬಿಟ್ಟಳು. ಐದು ತಿಂಗಳು ಅಲೆದ ಮೇಲೆ ಬನಶಂಕರಿಯಲ್ಲಿ ಲಿಫ್ಟು ನೆಲಮಟ್ಟದಿಂದಲೇ ಹೊರಡುವ ಕಟ್ಟಡ ಸಿಕ್ಕಿತು. ಬಚ್ಚಲಿನ ಬಾಗಿಲನ್ನಷ್ಟೇ ಅಗಲ ಮಾಡಿಸಿಕೊಂಡಳು. ಗೃಹಪ್ರವೇಶದ ದಿನ ಯಾರೂ ಆಕೆಯನ್ನು ಎತ್ತಿ ಒಳಗೆ ತರಬೇಕಾಗಲಿಲ್ಲ.

ನಮಗೆಲ್ಲ ವಯಸ್ಸಾಗುತ್ತದೆ, ಮಂಡಿ ಸೋಲುತ್ತದೆ. ಮನೆ ನೋಡಲು ಹೊರಟಾಗ ಜೇಬಿನಲ್ಲಿ ಒಂದು ಅಳತೆಪಟ್ಟಿ ಇರಲಿ.