ಇಂಗಾಲದ ಜಮಾ-ಖರ್ಚು: ಭೂತನಾಳದಿಂದ ಕೂಡಗಿಯವರೆಗೆ

ವಿಜಯಪುರದ ಅಂಚಿನ ಭೂತನಾಳ ಕೆರೆಯ ಪರಿಸರದಲ್ಲಿ ಕೋಟಿ ವೃಕ್ಷ ಅಭಿಯಾನದಡಿ ನೆಟ್ಟ ಸಸಿಗಳು ಮರಗಳಾಗುತ್ತಿವೆ. 2016ರಲ್ಲಿ ಆರಂಭವಾದ ಈ ಅಭಿಯಾನವು ಬರಪೀಡಿತ ಜಿಲ್ಲೆಗೆ ದೊರೆತ ದೊಡ್ಡ ಆಸ್ತಿ. ಮರಗಳು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕಾಂಡದಲ್ಲಿ ಕೂಡಿಡುತ್ತವೆ. ಆದರೆ ಜಮೆಯನ್ನಷ್ಟೇ ನೋಡಿ ಖಾತೆ ಮುಗಿಸಲಾಗದು. ಖರ್ಚಿನ ಪುಟವನ್ನೂ ತೆರೆಯಬೇಕು.

ಇದೇ ಜಿಲ್ಲೆಯ ಕೂಡಗಿ ಉಷ್ಣ ವಿದ್ಯುತ್ ಸ್ಥಾವರದ ಸಾಮರ್ಥ್ಯ 2,400 ಮೆಗಾವಾಟ್. ಪೂರ್ಣ ಪ್ರಮಾಣದಲ್ಲಿ ನಡೆದಾಗ ಗಂಟೆಗೆ 24 ಲಕ್ಷ ಯೂನಿಟ್ ಉತ್ಪಾದನೆ. ಯೂನಿಟ್‌ಗೆ 850 ಗ್ರಾಂ ಎಂದು ಹಿಡಿದರೂ ಗಂಟೆಗೆ ಸುಮಾರು 2,000 ಟನ್ ಅನಿಲ ಹೊರಬೀಳುತ್ತದೆ. ಬೆಳೆದ ಮರವೊಂದು ವರ್ಷಕ್ಕೆ 20 ಕಿಲೊ ಹೀರುವುದೆಂದು ಎಣಿಸಿದರೆ, ಒಂದು ಕೋಟಿ ಮರಗಳ ವರ್ಷದ ದುಡಿಮೆ 2 ಲಕ್ಷ ಟನ್. ಅದು ಸ್ಥಾವರದ ನಾಲ್ಕು ದಿನಗಳ ಹೊಗೆಗೆ ಸಮ. ಆದ್ದರಿಂದಲೇ ಅನಿಲವನ್ನು ಹುಟ್ಟಿದಲ್ಲೇ ಹಿಡಿಯುವ ತಂತ್ರಜ್ಞಾನಕ್ಕೆ ಮಹತ್ವ ಬಂದಿದೆ.

ಹಿಡಿಯುವ ವೆಚ್ಚವನ್ನು ಮುಖ್ಯವಾಗಿ ನಿರ್ಧರಿಸುವುದು ಅನಿಲದ ಶುದ್ಧತೆ. ಕಲ್ಲಿದ್ದಲ ಹೊಗೆಯಲ್ಲಿ ಅದರ ಪಾಲು ಶೇ 12ರಿಂದ 15 ಮಾತ್ರ. ರಾಸಾಯನಿಕ ದ್ರಾವಣದಲ್ಲಿ ಹೀರಿಸಿ, ಉಗಿಯಿಂದ ಕಾಯಿಸಿ ಬೇರ್ಪಡಿಸುವಷ್ಟರಲ್ಲಿ ಉತ್ಪಾದನೆಯ ಐದನೆಯ ಒಂದು ಭಾಗದಷ್ಟು ವಿದ್ಯುತ್ ಸೋರಿಹೋಗಬಹುದು. ಕಾಕಂಬಿಯಿಂದ ಎಥನಾಲ್ ತಯಾರಿಸುವ ಘಟಕಗಳ ಹುದುಗು ತೊಟ್ಟಿಯಲ್ಲಾದರೋ ಬಹುತೇಕ ಶುದ್ಧ ಅನಿಲವೇ ಏಳುತ್ತದೆ. ಲೀಟರ್ ಎಥನಾಲ್‌ಗೆ ಸುಮಾರು 750 ಗ್ರಾಂ. ತಂಪು ಪಾನೀಯ, ಡ್ರೈ ಐಸ್, ವೆಲ್ಡಿಂಗ್, ಅಗ್ನಿಶಾಮಕ ಸಾಧನಗಳಿಗೆ ಇದು ಕಚ್ಚಾ ಸರಕು. ಕಬ್ಬಿನ ಸೀಮೆಯ ಉದ್ಯಮಿಗಳಿಗೆ ಇಲ್ಲಿ ಅವಕಾಶವಿದೆ.

ಆದರೆ ಬಳಕೆಯೆಲ್ಲ ಸಂಗ್ರಹವಲ್ಲ. ಸೋಡಾ ಬಾಟಲಿ ತೆರೆದೊಡನೆ ಅನಿಲ ಮರಳಿ ಗಾಳಿ ಸೇರುತ್ತದೆ. ಕಾಂಕ್ರೀಟ್ ಬ್ಲಾಕ್‌ಗಳ ಕ್ಯೂರಿಂಗ್‌ಗೆ ಬಳಸಿದರೆ ಮಾತ್ರ ಅದು ಖನಿಜವಾಗಿ ಗಟ್ಟಿಗೊಳ್ಳುತ್ತದೆ.

ಶಾಶ್ವತ ಸಂಗ್ರಹಕ್ಕೆ ಐಸ್‌ಲ್ಯಾಂಡ್ ಮಾದರಿಯಿದೆ. ಅಲ್ಲಿ 2012ರಲ್ಲಿ ಬಸಾಲ್ಟ್ ಶಿಲೆಯೊಳಗೆ ಸೇರಿಸಿದ ಅನಿಲದ ಶೇ 95ಕ್ಕೂ ಹೆಚ್ಚು ಭಾಗ ಎರಡು ವರ್ಷಗಳೊಳಗೆ ಕಲ್ಲಾಯಿತೆಂದು 2016ರಲ್ಲಿ ವರದಿಯಾಯಿತು. ವಿಜಯಪುರದ ನೆಲದಡಿಯೂ ಬಸಾಲ್ಟ್ ಹಾಸಿದೆ. ಆದರೆ ಆ ವಿಧಾನಕ್ಕೆ ಟನ್ ಅನಿಲಕ್ಕೆ ಸುಮಾರು 25 ಟನ್ ನೀರು ಬೇಕು. ಕೂಡಗಿಯ ಒಂದು ಗಂಟೆಯ ಹೊಗೆಗೇ 50,000 ಟನ್ ನೀರು! ಭೂತನಾಳದ ನೀರಿನ ಮಟ್ಟವನ್ನು ನೋಡುತ್ತ ಬೇಸಿಗೆ ಕಳೆದ ಊರಿಗೆ ಈ ಅಂಕಿಯ ಭಾರವನ್ನು ವಿವರಿಸಬೇಕಿಲ್ಲ.

ಸಣ್ಣ ಉದ್ಯಮಿಗಳಿಗೂ ಈ ವಿಷಯ ದೂರದ್ದಲ್ಲ. ಭಾರತವು 2023ರಲ್ಲಿ ಇಂಗಾಲ ವಹಿವಾಟು ಯೋಜನೆಯನ್ನು ಅಧಿಸೂಚಿಸಿತು. ಐರೋಪ್ಯ ಒಕ್ಕೂಟದ ಗಡಿ ಇಂಗಾಲ ಶುಲ್ಕದ ವ್ಯವಸ್ಥೆ ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್ ಮೊದಲಾದವುಗಳಿಗೆ 2026ರ ಜನವರಿಯಿಂದ ಅನ್ವಯವಾಗಿದೆ. ರಫ್ತುದಾರರಿಗೆ ಬಿಡಿಭಾಗ ಪೂರೈಸುವವರಿಂದಲೂ ನಾಳೆ ಇಂಗಾಲದ ಲೆಕ್ಕ ಕೇಳಬಹುದು. ಡೀಸೆಲ್, ಕಲ್ಲಿದ್ದಲು, ವಿದ್ಯುತ್ ಬಳಕೆಯನ್ನು ರೂಪಾಯಿಯಲ್ಲಲ್ಲದೆ ಲೀಟರ್, ಟನ್, ಯೂನಿಟ್‌ಗಳಲ್ಲೂ ತಿಂಗಳು ತಿಂಗಳು ದಾಖಲಿಸುವುದು ಮೊದಲ ಹೆಜ್ಜೆ. ಅದಕ್ಕೆ ಬಂಡವಾಳ ಬೇಡ, ಶಿಸ್ತು ಸಾಕು.