ಪಟ್ಟಿ ಒಪ್ಪಿಸಿದರೆ ಸಾಲದು: ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಆರೈಕೆಯನ್ನು ಬೋಧಿಸುವ ಬಗೆ

ಈ ಸಲದ ಬೋಧನಾಭ್ಯಾಸದಲ್ಲಿ ಭೌತವಿಜ್ಞಾನ ಪದ್ಧತಿಯ ಪ್ರಶಿಕ್ಷಣಾರ್ಥಿಯೊಬ್ಬರು 9ನೇ ತರಗತಿಗೆ ‘ಎಂಜಿನ್ನಿನ ನಿಯತ ಆರೈಕೆ’ ಎಂಬ ವಿಸ್ತರಣಾ ಪಾಠ ಮಾಡಿದರು. ಶಾಲೆಯ ಪಕ್ಕದ ಕ್ರೀಡಾಂಗಣದಲ್ಲಿ, ಮೇಲೆ ಕುಳಿತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರವೊಂದು ಇದ್ದುದರಿಂದ ಅದನ್ನೇ ಉದಾಹರಣೆಯಾಗಿ ಆರಿಸಿಕೊಂಡಿದ್ದರು. ಚಾರ್ಟ್ ಅಚ್ಚುಕಟ್ಟಾಗಿತ್ತು: ಆಯಿಲ್ ನೋಡಬೇಕು, ಏರ್ ಫಿಲ್ಟರ್ ಶುಚಿ ಮಾಡಬೇಕು, ಪ್ಲಗ್ ಬದಲಿಸಬೇಕು, ಹೀಗೆ ಒಂಬತ್ತು ಅಂಶಗಳು. ಮಕ್ಕಳು ಬರೆದುಕೊಂಡರು. ಕೊನೆಯ ಐದು ನಿಮಿಷದ ಮೌಲ್ಯಮಾಪನದಲ್ಲಿ ಹೆಚ್ಚಿನವರು ಒಂಬತ್ತನ್ನೂ ಸರಿಯಾಗಿ ಹೇಳಿದರು.

ಮರುದಿನ ಎಲ್ಲರೂ ಮೈದಾನಕ್ಕೆ ಹೋದೆವು. ಯಂತ್ರವನ್ನು ಆಗಷ್ಟೇ ನಿಲ್ಲಿಸಲಾಗಿತ್ತು. ಅದರ ಮುಂದಿನ ಚಕ್ರಗಳು ಕಟ್ಟೆಯ ಅಂಚಿನ ಮೇಲೆ ಏರಿದ್ದವು. ಯಂತ್ರ ಓಡಿಸುವವರು “ಆಯಿಲ್ ಎಷ್ಟಿದೆ ನೋಡಪ್ಪ” ಎಂದಾಗ ಹಿಂದಿನ ದಿನ ಎಲ್ಲ ಅಂಶಗಳನ್ನೂ ಹೇಳಿದ್ದ ಹುಡುಗ ಡಿಪ್‌ಸ್ಟಿಕ್ ಹೊರಗೆಳೆದು, “ಕಡಿಮೆ ಇದೆ ಅಣ್ಣ, ಹಾಕಬೇಕು” ಎಂದ. ಅವರು ಏನೂ ಹೇಳದೆ ಯಂತ್ರವನ್ನು ಸಮತಟ್ಟಾದ ಜಾಗಕ್ಕೆ ತಂದು ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು, ಕಡ್ಡಿಯನ್ನು ಒರೆಸಿ ಮತ್ತೆ ಅದ್ದಿ ತೋರಿಸಿದರು. ಆಯಿಲ್ ಸರಿಯಾಗಿಯೇ ಇತ್ತು. ಹುಡುಗನ ಮಾತು ಕೇಳಿ ಅರ್ಧ ಲೀಟರ್ ಸುರಿದಿದ್ದರೆ ಮಟ್ಟ ಮಿತಿ ಮೀರುತ್ತಿತ್ತು, ಆಯಿಲ್ ನೊರೆಯೆದ್ದು ಎಂಜಿನ್ ಹೊಗೆಯಾಡುತ್ತಿತ್ತು.

ಹುಡುಗನ ತಪ್ಪಲ್ಲ. ನಾವು ‘ಏನು’ ಎಂಬುದನ್ನು ಕಲಿಸಿ ‘ಏಕೆ’ ಎಂಬುದನ್ನು ಬಿಟ್ಟಿದ್ದೆವು. ಆರೈಕೆಯ ಪ್ರತಿಯೊಂದು ಅಂಶದ ಹಿಂದೆ ಮಕ್ಕಳು ಈಗಾಗಲೇ ಓದಿರುವ ಒಂದು ವಿಜ್ಞಾನದ ತತ್ವವಿದೆ. ಆ ತತ್ವದ ಮೂಲಕ ಹೋದರೆ ಪಟ್ಟಿಯನ್ನು ಬಾಯಿಪಾಠ ಮಾಡಬೇಕಿಲ್ಲ. ಮುಂದೆ ಈ ಪಾಠವನ್ನು ತೆಗೆದುಕೊಳ್ಳುವ ಪ್ರಶಿಕ್ಷಣಾರ್ಥಿಗಳಿಗೆ ನೆರವಾಗಲೆಂದು ವಿಷಯವನ್ನು ಆ ಕ್ರಮದಲ್ಲಿ ಇಲ್ಲಿ ವಿವರಿಸಿದೆ.

ಯಂತ್ರದ ಪರಿಚಯ

ಕ್ರಿಕೆಟ್ ಮೈದಾನ, ಗಾಲ್ಫ್ ಅಂಗಳ, ದೊಡ್ಡ ಕ್ಯಾಂಪಸ್ಸುಗಳಲ್ಲಿ ದಿನವಿಡೀ ದುಡಿಯುವ ಇಂಥ ಯಂತ್ರಗಳಲ್ಲಿ ಡೀಸೆಲ್ ಎಂಜಿನ್ನಿನವೂ ಉಂಟು. ಇಲ್ಲಿ ಹೇಳುತ್ತಿರುವುದು ಗಾಳಿಯಿಂದ ತಂಪಾಗುವ, ಎರಡು ಸಿಲಿಂಡರುಗಳನ್ನು ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದಲ್ಲಿ ಜೋಡಿಸಿರುವ ನಾಲ್ಕು ಹೊಡೆತದ ಪೆಟ್ರೋಲ್ ಎಂಜಿನ್ನಿನ ಬಗ್ಗೆ. ಗಾತ್ರ ಸಾಮಾನ್ಯವಾಗಿ 600ರಿಂದ 800 ಸಿ.ಸಿ. ಕೆಲಸದ ವೇಳೆ ನಿಮಿಷಕ್ಕೆ ಸುಮಾರು 3600 ಸುತ್ತು ತಿರುಗುತ್ತದೆ. ಇದಕ್ಕೆ ಬೇಕಾಗುವ ಆಯಿಲ್ ಸುಮಾರು 2 ಲೀಟರ್ ಮಾತ್ರ. ಮುಂದಿನ ಎಲ್ಲ ಮಾತಿಗೂ ಈ ಮೂರು ಅಂಕಿಗಳೇ ಆಧಾರ.

ದಿನವಲ್ಲ, ಗಂಟೆ

ಕಾರಿನ ಸರ್ವಿಸ್ ಕಿಲೋಮೀಟರ್ ಲೆಕ್ಕದಲ್ಲಿ. ಈ ಯಂತ್ರದ್ದು ಗಂಟೆಗಳ ಲೆಕ್ಕದಲ್ಲಿ. ಸೀಟಿನ ಪಕ್ಕದಲ್ಲೋ ಮುಂದೋ ಒಂದು ಗಂಟೆ ಮೀಟರ್ ಇರುತ್ತದೆ. ಏಕೆ ಹೀಗೆ ಎಂಬುದನ್ನು ಮಕ್ಕಳಿಂದಲೇ ಲೆಕ್ಕ ಮಾಡಿಸಬಹುದು.

100 ಗಂಟೆಯಲ್ಲಿ ಎಂಜಿನ್ ತಿರುಗುವ ಸುತ್ತುಗಳು: 100 × 60 × 3600 = 2 ಕೋಟಿ 16 ಲಕ್ಷ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ಕಾರಿನ ಎಂಜಿನ್ ನಿಮಿಷಕ್ಕೆ 2400 ಸುತ್ತು ತಿರುಗುತ್ತದೆ ಎಂದಿಟ್ಟುಕೊಂಡರೆ, ಅಷ್ಟೇ ಸುತ್ತುಗಳಿಗೆ 150 ಗಂಟೆ ಬೇಕು. ಅಷ್ಟರಲ್ಲಿ ಕಾರು 9000 ಕಿ.ಮೀ. ಓಡಿರುತ್ತದೆ. ಅಂದರೆ, ನಿಂತ ಮೈದಾನದಲ್ಲೇ ಸುತ್ತುವ ಯಂತ್ರವು 100 ಗಂಟೆಗೆ ಕಾರಿನ 9000 ಕಿ.ಮೀ.ಯಷ್ಟು ದುಡಿಯುತ್ತದೆ.

ಮನೆಯ ಹುಲ್ಲುಹಾಸಿಗೆ ಬಳಸುವವರಿಗೆ 100 ಗಂಟೆ ಆಗಲು ವರ್ಷಗಳೇ ಬೇಕಾಗಬಹುದು. ದಿನಕ್ಕೆ 6 ಗಂಟೆ ದುಡಿಯುವ ಯಂತ್ರಕ್ಕೆ ಅದು 17 ದಿನದಲ್ಲಿ ಮುಗಿಯುತ್ತದೆ. ನಮ್ಮಲ್ಲಿ ಹುಲ್ಲು ಸೊಂಪಾಗಿ ಬೆಳೆಯುವ ಮಳೆಗಾಲದಲ್ಲಿ ‘ಮುಂದಿನ ತಿಂಗಳು ನೋಡೋಣ’ ಎಂದರೆ ಆಯಿಲ್ ಬದಲಿಸುವ ಸರದಿ ತಪ್ಪಿಹೋಗಿರುತ್ತದೆ.

ಆಯಿಲ್: ಘರ್ಷಣೆಯ ಪಾಠ

ಉಜ್ಜಾಡುವ ಎರಡು ಲೋಹಗಳ ನಡುವೆ ತೆಳುಪೊರೆಯಾಗಿ ನಿಲ್ಲುವುದು ಆಯಿಲಿನ ಮೊದಲ ಕೆಲಸ. ಜೊತೆಗೆ ಅದು ಶಾಖವನ್ನು ಹೊತ್ತೊಯ್ಯುತ್ತದೆ, ಸವೆದ ಲೋಹದ ಪುಡಿಯನ್ನೂ ಮಸಿಯನ್ನೂ ತನ್ನಲ್ಲಿ ತೇಲಿಸಿಕೊಂಡು ಫಿಲ್ಟರಿಗೆ ತಲುಪಿಸುತ್ತದೆ. ಇರುವುದೇ 2 ಲೀಟರ್ ಆದ್ದರಿಂದ ಅರ್ಧ ಲೀಟರ್ ಕಡಿಮೆಯಾದರೆ ಕಾಲು ಭಾಗವೇ ಹೋದಂತೆ. ಉಳಿದದ್ದು ಬೇಗ ಕಾಯುತ್ತದೆ, ತೆಳುವಾಗುತ್ತದೆ, ಪೊರೆ ಹರಿಯುತ್ತದೆ, ಬೇರಿಂಗ್ ಹಿಡಿದುಕೊಳ್ಳುತ್ತದೆ. ಎಚ್ಚರಿಕೆ ದೀಪ ಹೊತ್ತಿಕೊಳ್ಳುವ ವೇಳೆಗೆ ಹಾನಿ ಆರಂಭವಾಗಿರಬಹುದು. ಆದ್ದರಿಂದಲೇ ಪ್ರತಿದಿನ ಯಂತ್ರ ಶುರು ಮಾಡುವ ಮೊದಲು ಡಿಪ್‌ಸ್ಟಿಕ್ ನೋಡಬೇಕು.

ನೋಡುವ ಕ್ರಮದ ಪ್ರತಿ ಹೆಜ್ಜೆಗೂ ಕಾರಣವಿದೆ:

• ಸಮತಟ್ಟಾದ ನೆಲ: ದ್ರವದ ಮೇಲ್ಮೈ ಯಾವಾಗಲೂ ಮಟ್ಟವಾಗಿಯೇ ಇರುತ್ತದೆ, ಓರೆಯಾಗುವುದು ಯಂತ್ರ. ಓರೆಯಾದ ಲೋಟದಲ್ಲಿ ಬಣ್ಣದ ನೀರು ತುಂಬಿ ತೋರಿಸಿದರೆ ಒಂದು ಕ್ಷಣದಲ್ಲಿ ಅರ್ಥವಾಗುತ್ತದೆ.
• ನಿಲ್ಲಿಸಿ ಕೆಲವು ನಿಮಿಷ ಕಾಯುವುದು: ಓಡುವಾಗ ಮೇಲಕ್ಕೆ ಎರಚಿದ ಆಯಿಲ್ ಕೆಳಗಿಳಿಯಲು ಹೊತ್ತು ಬೇಕು.
• ಒರೆಸಿ ಮತ್ತೆ ಅದ್ದುವುದು: ಮೊದಲ ಸಲ ಕಡ್ಡಿಗೆ ಅಂಟಿರುವ ಆಯಿಲ್ ನಿಜವಾದ ಮಟ್ಟವನ್ನು ಹೇಳುವುದಿಲ್ಲ.
• ಕೈಪಿಡಿ ನೋಡುವುದು: ಕೆಲವು ಎಂಜಿನ್ನುಗಳಲ್ಲಿ ಕಡ್ಡಿಯನ್ನು ಪೂರ್ತಿ ತಿರುಗಿಸಿ ಬಿಗಿದು ನೋಡಬೇಕು, ಕೆಲವದರಲ್ಲಿ ಸುಮ್ಮನೆ ಇಳಿಬಿಟ್ಟು ನೋಡಬೇಕು.

ಹೊಸ ಎಂಜಿನ್ನಿನಲ್ಲಿ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಲೋಹದ ಪುಡಿ ಹೆಚ್ಚು ಉದುರುವುದರಿಂದ, ಮೊದಲ ಬದಲಾವಣೆಯನ್ನು 5ರಿಂದ 8 ಗಂಟೆಗೇ ಮಾಡಬೇಕೆಂದು ಹಲವು ತಯಾರಕರು ಹೇಳುತ್ತಾರೆ. ಆಮೇಲೆ ಸಾಮಾನ್ಯವಾಗಿ 100 ಗಂಟೆಗೊಮ್ಮೆ. ಎಂಜಿನ್ ಬೆಚ್ಚಗಿರುವಾಗಲೇ ಹಳೆಯ ಆಯಿಲ್ ಇಳಿಸಬೇಕು. ಆಗ ಅದು ತೆಳುವಾಗಿ, ತೇಲುತ್ತಿರುವ ಕೊಳೆಯ ಸಮೇತ ಹೊರಬರುತ್ತದೆ. ಈ ತತ್ವಕ್ಕೆ ಖರ್ಚಿಲ್ಲದ ಚಟುವಟಿಕೆ ಇದೆ. ಒಂದೇ ಆಯಿಲನ್ನು ಎರಡು ಪ್ರನಾಳಗಳಲ್ಲಿ ಹಾಕಿ, ಒಂದನ್ನು ಬಿಸಿನೀರಿನಲ್ಲಿ ಇಡಿ. ಎರಡನ್ನೂ ಓರೆ ಹಲಗೆಯ ಮೇಲೆ ಸುರಿದು, ಕೆಳಗೆ ತಲುಪುವ ಸಮಯವನ್ನು ಮಕ್ಕಳೇ ಅಳೆಯಲಿ. ‘ಎಸ್‌ಎಇ 30’, ‘10ಡಬ್ಲ್ಯೂ-30’ ಎಂದು ಡಬ್ಬದ ಮೇಲಿರುವ ಅಂಕಿಗಳು ಈ ಸ್ನಿಗ್ಧತೆಯನ್ನೇ ಸೂಚಿಸುತ್ತವೆ ಎಂಬುದನ್ನು ಆಮೇಲೆ ಹೇಳಿದರೆ ಸಾಕು.

ಗಾಳಿ: ಲೆಕ್ಕದ ಪಾಠ

700 ಸಿ.ಸಿ. ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಸಿಲಿಂಡರುಗಳನ್ನು ತುಂಬಿಕೊಳ್ಳುತ್ತದೆ. 3600 ಸುತ್ತಿಗೆ 1800 ಸಲ. ಅಂದರೆ ನಿಮಿಷಕ್ಕೆ ಹೆಚ್ಚೆಂದರೆ 1260 ಲೀಟರ್. ಥ್ರಾಟಲ್ ಪೂರ್ತಿ ತೆರೆದಿರುವುದಿಲ್ಲವಾದ್ದರಿಂದ ಅರ್ಧದಷ್ಟು, 600 ಲೀಟರ್ ಎಂದುಕೊಳ್ಳೋಣ. 6 ಗಂಟೆಯ ಕೆಲಸಕ್ಕೆ 216 ಘನ ಮೀಟರ್ ಗಾಳಿ. 6 ಮೀ. ಉದ್ದ, 6 ಮೀ. ಅಗಲ, 3 ಮೀ. ಎತ್ತರದ ತರಗತಿ ಕೋಣೆಯ ಗಾತ್ರ 108 ಘನ ಮೀಟರ್. ಎಂಜಿನ್ ಒಂದೇ ದಿನದಲ್ಲಿ ಎರಡು ತರಗತಿಗಳ ಗಾಳಿಯನ್ನು ಒಳಗೆಳೆದುಕೊಂಡಿತು! ಅದೂ ತನ್ನ ಬ್ಲೇಡುಗಳೇ ಎಬ್ಬಿಸಿದ ಧೂಳಿನ ನಡುವಿನಿಂದ.

ಆ ಧೂಳಿನಲ್ಲಿ ಮರಳಿನ ಕಣಗಳಿರುತ್ತವೆ. ಅವು ಒಳಹೊಕ್ಕರೆ ಆಯಿಲಿನೊಂದಿಗೆ ಸೇರಿ ಸಾಣೆ ಹಿಡಿಯುವ ಪೇಸ್ಟಿನಂತೆ ಪಿಸ್ಟನ್ ರಿಂಗುಗಳನ್ನೂ ಸಿಲಿಂಡರಿನ ಗೋಡೆಯನ್ನೂ ತಿನ್ನುತ್ತವೆ. ಸ್ಪಂಜಿನ ಹೊರ ಫಿಲ್ಟರ್ ಇರುವ ಎಂಜಿನ್ನುಗಳಲ್ಲಿ ಅದನ್ನು ಸುಮಾರು 25 ಗಂಟೆಗೊಮ್ಮೆ ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಒಳಗಿನ ಕಾಗದದ ಫಿಲ್ಟರನ್ನು ತೊಳೆಯಬಾರದು, ಅದಕ್ಕೆ ಆಯಿಲ್ ಹಚ್ಚಬಾರದು, ಕಂಪ್ರೆಸರ್ ಗಾಳಿಯಿಂದ ಊದಲೂಬಾರದು. ಕಾಗದದ ಸೂಕ್ಷ್ಮ ರಂಧ್ರಗಳು ಹರಿದರೆ ಫಿಲ್ಟರ್ ಇದ್ದೂ ಇಲ್ಲದಂತೆ. ಕೊಳೆಯಾದರೆ ಬದಲಿಸುವುದೇ ಸರಿ. ‘25 ಗಂಟೆ’ ಎಂಬುದು ಸಾಧಾರಣ ಪರಿಸ್ಥಿತಿಯ ಮಾತು. ಬೇಸಿಗೆಯ ಕೆಮ್ಮಣ್ಣಿನ ಮೈದಾನದಲ್ಲಿ ದಿನವೂ ತೆಗೆದು ನೋಡಬೇಕಾಗಬಹುದು. ಕಾರಣ ಗೊತ್ತಿದ್ದವರು ಮಾತ್ರ ಅಂಕಿಯನ್ನು ಹೀಗೆ ತಿದ್ದಿಕೊಳ್ಳಬಲ್ಲರು.

ತಂಪು: ಉಷ್ಣ ಪ್ರಸಾರದ ಪಾಠ

ಉರಿಯುವ ಅನಿಲದ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಪಿಸ್ಟನ್ನಿನ ಅಲ್ಯೂಮಿನಿಯಂ ಸುಮಾರು 660 ಡಿಗ್ರಿಗೆ ಕರಗುತ್ತದೆ. ಆದರೂ ಪಿಸ್ಟನ್ ಏಕೆ ಕರಗುವುದಿಲ್ಲ? ಪಾಠದ ಪ್ರೇರಣೆಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕಿಲ್ಲ. ಉರಿ ಇರುವುದು ಕ್ಷಣಮಾತ್ರ. ಬಂದ ಶಾಖವನ್ನು ಲೋಹ ಸತತವಾಗಿ ಹೊರಕ್ಕೆ ಸಾಗಿಸುತ್ತದೆ. ಇಲ್ಲಿ ರೇಡಿಯೇಟರ್ ಇಲ್ಲ. ಸಿಲಿಂಡರಿನ ಸುತ್ತ ಇರುವ ತೆಳು ಫಿನ್ನುಗಳು ಮೇಲ್ಮೈಯನ್ನು ಹೆಚ್ಚಿಸುತ್ತವೆ, ಮೇಲಿನ ಫ್ಯಾನ್ ಅವುಗಳ ಮೇಲೆ ಗಾಳಿ ಹಾಯಿಸುತ್ತದೆ.

ಕತ್ತರಿಸಿದ ಹುಲ್ಲಿನ ಚೂರು ಈ ವ್ಯವಸ್ಥೆಯ ಶತ್ರು. ಅದು ಫ್ಯಾನಿನ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಹೊದಿಕೆಯ ಅಡಿಯಲ್ಲಿ ಫಿನ್ನುಗಳ ನಡುವೆ ಸೇರಿ ಒಣಗಿ, ಕಂಬಳಿ ಹೊದಿಸಿದಂತಾಗುತ್ತದೆ. ಸೈಲೆನ್ಸರ್ ಬಳಿ ಸೇರಿದ ಒಣಹುಲ್ಲಿಗೆ ಬೆಂಕಿ ಹತ್ತುವ ಅಪಾಯವೂ ಇದೆ. ಜಾಲರಿಯನ್ನು ದಿನವೂ, ಫಿನ್ನುಗಳನ್ನು ಸುಮಾರು 100 ಗಂಟೆಗೊಮ್ಮೆ ಹೊದಿಕೆ ಬಿಚ್ಚಿ ಬ್ರಷ್‌ನಿಂದ ಶುಚಿ ಮಾಡಬೇಕು. ಕಾದ ಎಂಜಿನ್ನಿಗೆ ತಣ್ಣೀರು ಎರಚಬಾರದು; ಲೋಹ ಒಂದೆಡೆ ತಟ್ಟನೆ ಕುಗ್ಗಿ ಬಿರುಕು ಬಿಡಬಹುದು.

ಕಿಡಿ ಮತ್ತು ಇಂಧನ: ದಹನದ ಪಾಠ

ಸ್ಪಾರ್ಕ್ ಪ್ಲಗ್ಗನ್ನು 100 ಗಂಟೆಗೊಮ್ಮೆ ಬಿಚ್ಚಿ ನೋಡುವುದು ವಾಡಿಕೆ. ಅಂತರ ಸಾಮಾನ್ಯವಾಗಿ 0.75 ಮಿ.ಮೀ. ಆಸುಪಾಸು, ಫೀಲರ್ ಗೇಜಿನಿಂದ ಅಳೆಯಬೇಕು. ಅದಕ್ಕಿಂತ ಮುಖ್ಯ ಅದರ ಬಣ್ಣ. ತಿಳಿ ಕಂದು ಆರೋಗ್ಯದ ಲಕ್ಷಣ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲಿಗೆ ತಕ್ಕ ಗಾಳಿ ಸಿಗುತ್ತಿಲ್ಲ; ಮೊದಲು ಏರ್ ಫಿಲ್ಟರ್ ನೋಡಿ. ಆಯಿಲಿನ ಜಿಡ್ಡು ಇದ್ದರೆ ಆಯಿಲ್ ಒಳಗೆ ನುಗ್ಗಿ ಉರಿಯುತ್ತಿದೆ. ಸುಟ್ಟ ಬಿಳುಪು ಅತಿಯಾದ ಕಾವಿನ ಸೂಚನೆ. ಹಳೆಯ ಪ್ಲಗ್ಗುಗಳನ್ನು ಹತ್ತಿರದ ಗ್ಯಾರೇಜಿನಿಂದ ಕೇಳಿ ತಂದರೆ ಉತ್ತಮ ಬೋಧನೋಪಕರಣವಾಗುತ್ತದೆ.

ಇಂಧನದ ವಿಷಯದಲ್ಲಿ ಈಗ ಹೊಸದೊಂದು ಎಚ್ಚರಿಕೆ ಬೇಕು. ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಆದರೆ ಇಂಥ ಸಣ್ಣ ಎಂಜಿನ್ನುಗಳ ಹೆಚ್ಚಿನ ಕೈಪಿಡಿಗಳು ಶೇ. 10ರವರೆಗೆ ಮಾತ್ರ ಒಪ್ಪುತ್ತವೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಅದಕ್ಕೆಂದು ತಯಾರಾಗದ ರಬ್ಬರ್ ಪೈಪು, ಸೀಲುಗಳನ್ನು ಕೆಡಿಸುತ್ತದೆ. ಯಂತ್ರ ಕೊಳ್ಳುವಾಗಲೇ ಈ ಬಗ್ಗೆ ಮಾರಾಟಗಾರರಿಂದ ಲಿಖಿತವಾಗಿ ತಿಳಿದುಕೊಳ್ಳುವುದು ಒಳ್ಳೆಯದು. ಬೇಸಿಗೆ ರಜೆಯಲ್ಲಿ ಒಂದು ತಿಂಗಳಿಗಿಂತ ಹೆಚ್ಚು ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬ್ಯುರೇಟರನ್ನೂ ಖಾಲಿ ಮಾಡಬೇಕು. ಹಳೆಯ ಪೆಟ್ರೋಲ್ ಅಂಟಾಗಿ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ.

ಕಪ್ಪುಹಲಗೆಯ ಕಾರ್ಯ

ಪಟ್ಟಿ ಬರೆಯುವುದು ಈಗ, ಮಕ್ಕಳ ಬಾಯಿಂದಲೇ ಹೇಳಿಸಿ:

ಪ್ರತಿದಿನ: ಆಯಿಲ್ ಮಟ್ಟ, ಫ್ಯಾನಿನ ಜಾಲರಿ, ಪೆಟ್ರೋಲ್ ಸೋರಿಕೆ.
25 ಗಂಟೆ: ಸ್ಪಂಜಿನ ಫಿಲ್ಟರ್.
100 ಗಂಟೆ: ಆಯಿಲ್, ಪ್ಲಗ್ ತಪಾಸಣೆ, ಫಿನ್ನುಗಳು.
ಕೈಪಿಡಿಯಲ್ಲಿ ಹೇಳಿದ ಗಂಟೆಗೆ: ಆಯಿಲ್ ಫಿಲ್ಟರ್, ಇಂಧನ ಫಿಲ್ಟರ್, ಕಾಗದದ ಏರ್ ಫಿಲ್ಟರ್, ವಾಲ್ವ್ ಅಂತರ (ಇದು ನುರಿತ ಮೆಕ್ಯಾನಿಕ್ ಕೆಲಸ).

ಅಂಕಿಗಳು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ, ಕೊನೆಯ ಮಾತು ಆ ಯಂತ್ರದ ಕೈಪಿಡಿಯದು ಎಂದು ಒತ್ತಿ ಹೇಳಿ.

ಮುನ್ನೆಚ್ಚರಿಕೆ

ಓಡುತ್ತಿರುವ ಯಂತ್ರದ ಸುತ್ತ ಮಕ್ಕಳನ್ನು ನಿಲ್ಲಿಸಬೇಡಿ. ಬ್ಲೇಡಿಗೆ ಸಿಕ್ಕ ಕಲ್ಲು ದೂರ ಸಿಡಿಯುತ್ತದೆ. ತೋರಿಸುವ ಮೊದಲು ಕೀ ತೆಗೆದು, ಎರಡೂ ಪ್ಲಗ್ಗುಗಳ ವೈರ್ ಬಿಚ್ಚಿಸಿ. ಸೈಲೆನ್ಸರ್ ಆರಲಿ. ಪೆಟ್ರೋಲ್ ತುಂಬುವುದನ್ನು ಪ್ರಾತ್ಯಕ್ಷಿಕೆಯಲ್ಲಿ ಸೇರಿಸಬೇಡಿ. ಹಳೆಯ ಆಯಿಲನ್ನು ಮಣ್ಣಿಗೋ ಚರಂಡಿಗೋ ಸುರಿಯದೆ ಡಬ್ಬದಲ್ಲಿ ಸಂಗ್ರಹಿಸಿ, ಮರುಸಂಸ್ಕರಣೆಗೆ ಕಳಿಸುವ ಗ್ಯಾರೇಜಿಗೆ ಕೊಡಬೇಕೆಂಬುದೂ ಪಾಠದ ಭಾಗವೇ.

ಮೌಲ್ಯಮಾಪನ

ಪಟ್ಟಿಯನ್ನು ಕೇಳುವ ಬದಲು ನಿರ್ಧಾರವನ್ನು ಕೇಳಿ.

1. ಗಂಟೆ ಮೀಟರ್ 412 ತೋರಿಸುತ್ತಿದೆ. ಹಿಂದಿನ ಸಲ ಆಯಿಲ್ ಬದಲಿಸಿದ್ದು 318ರಲ್ಲಿ. ನಾಳೆ 8 ಗಂಟೆ ಕೆಲಸವಿದೆ. ಇಂದು ಏನು ಮಾಡುವಿರಿ? ಏಕೆ?
2. ಪ್ಲಗ್ ಒಣಗಿ ಕಪ್ಪಾಗಿದೆ. ಹೊಸ ಪ್ಲಗ್ ಹಾಕಿದರೆ ಸಾಕೆ?
3. ಆಯಿಲ್ ಸರಿಯಾಗಿದೆ, ಆದರೂ ಎಂಜಿನ್ ವಿಪರೀತ ಕಾಯುತ್ತಿದೆ. ಎಲ್ಲಿ ನೋಡುವಿರಿ?

ಹಿಮ್ಮಾಹಿತಿಯ ನಂತರ ಅದೇ ಪ್ರಶಿಕ್ಷಣಾರ್ಥಿ ಪಾಠವನ್ನು ಮರುಯೋಜಿಸಿ ಇನ್ನೊಂದು ವಿಭಾಗಕ್ಕೆ ಬೋಧಿಸಿದರು. ಈ ಸಲ ಚಾರ್ಟ್ ತರಲಿಲ್ಲ. ಓರೆ ಲೋಟ, ಎರಡು ಪ್ರನಾಳ, ನಾಲ್ಕು ಹಳೆಯ ಪ್ಲಗ್ಗುಗಳನ್ನು ತಂದರು. ಒಂದು ಅವಧಿಯಲ್ಲಿ ಪಾಠ ಮುಗಿಯಲಿಲ್ಲ, ಇನ್ನೊಂದು ಅವಧಿ ಬೇಕಾಯಿತು. ಮೈದಾನದಲ್ಲಿ ಯಂತ್ರ ಓಡಿಸುವವರು ಮತ್ತೆ ಅದೇ ಮಾತು ಹೇಳಿದರು. ಹುಡುಗಿಯೊಬ್ಬಳು ಡಿಪ್‌ಸ್ಟಿಕ್ಕಿಗೆ ಕೈ ಹಾಕುವ ಮುಂಚೆ ಚಕ್ರಗಳನ್ನು ನೋಡಿದಳು. ಆಮೇಲೆ ಕೇಳಿದಳು: “ಅಣ್ಣ, ನಿಲ್ಲಿಸಿ ಎಷ್ಟು ಹೊತ್ತಾಯಿತು?”